ಹಾಲಿಗೆ ಜಿಡ್ಡಿನ ಲೆಕ್ಕವಿದೆ, ಬೋರ್ಡಿಗೆ ಚಿನ್ನದ ಲೆಕ್ಕ ಏಕಿಲ್ಲ?

ಮಾನ್ಯ ಸಂಪಾದಕರೇ,

ಹಳೆಯ ಮೊಬೈಲು, ಕಂಪ್ಯೂಟರುಗಳ ಸರ್ಕ್ಯೂಟ್ ಬೋರ್ಡಿನಿಂದ ಮನೆಯಲ್ಲೇ ಚಿನ್ನ ತೆಗೆಯುವುದು ಹೇಗೆಂದು ತೋರಿಸುವ ವಿಡಿಯೊಗಳು ಈಗ ಹಳ್ಳಿ ಹುಡುಗರ ಕೈಗೂ ಬಂದಿವೆ. ಮೂವತ್ತು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವನಾಗಿ, ಅದಕ್ಕಿಂತ ಹೆಚ್ಚಾಗಿ ಕೆ.ಜಿ.ಎಫ್.ನಲ್ಲಿ ಹುಟ್ಟಿ ಬೆಳೆದವನಾಗಿ, ಈ ವಿಷಯದಲ್ಲಿ ಸುಮ್ಮನಿರಲಾರದೆ ಈ ಪತ್ರ ಬರೆಯುತ್ತಿದ್ದೇನೆ.

ಕೆಲವು ತಿಂಗಳ ಹಿಂದೆ ಬೆಂಗಳೂರಿನ ಮೈಸೂರು ರಸ್ತೆಯ ಆಸುಪಾಸಿನ ಗುಜರಿ ಗಲ್ಲಿಯೊಂದರಲ್ಲಿ ಅಂಥ ಒಂದು ಷೆಡ್ಡನ್ನು ಕಣ್ಣಾರೆ ಕಂಡೆ. ತಗಡಿನ ಮಾಡು, ನೆಲದ ಮೇಲೆ ನಾಲ್ಕು ಪ್ಲಾಸ್ಟಿಕ್ ಬಕೆಟ್ಟು. ಬೋರ್ಡಿನ ಅಂಚಿನಲ್ಲಿರುವ ಹಳದಿ ಹಲ್ಲುಗಳನ್ನು ಕತ್ತರಿಸಿ ನೈಟ್ರಿಕ್ ಆಸಿಡ್ಡಿಗೆ ಹಾಕುತ್ತಿದ್ದ ಹುಡುಗನಿಗೆ ಇಪ್ಪತ್ತು ದಾಟಿರಲಿಕ್ಕಿಲ್ಲ. ಕಂದು ಹೊಗೆ ಏಳುವಾಗ ಆತ ಮುಖವನ್ನು ಪಕ್ಕಕ್ಕೆ ತಿರುಗಿಸಿ, ಟವೆಲ್ಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೋಲಿನಿಂದ ಕಲಕುತ್ತಿದ್ದ. ಅವನ ಬೆರಳ ತುದಿಗಳು ಅರಿಸಿನ ಹಚ್ಚಿದಂತೆ ಹಳದಿಯಾಗಿದ್ದವು. ನೈಟ್ರಿಕ್ ಆಮ್ಲ ಚರ್ಮದ ಪ್ರೋಟೀನಿನೊಡನೆ ಸೇರಿ ಬರುವ ಆ ಬಣ್ಣ ಸೋಪಿಗೆ ಹೋಗುವುದಿಲ್ಲ, ಮೇಲಿನ ಚರ್ಮ ಸುಲಿದಾಗಲೇ ಹೋಗುತ್ತದೆ. ತಾಮ್ರ ಕರಗಿ ನೀರು ಹಸಿರು ನೀಲಿಯಾಯಿತು. ಚಿನ್ನದ ತೆಳು ಪೊರೆಗಳು ಈರುಳ್ಳಿ ಸಿಪ್ಪೆಯ ಚೂರುಗಳಂತೆ ಬಿಟ್ಟುಕೊಂಡವು. ಅವನ್ನು ಬಟ್ಟೆಯಲ್ಲಿ ಸೋಸಿಕೊಂಡು, ಉಳಿದ ನೀರನ್ನು ಅವನು ಮುಂದಿನ ಮೋರಿಗೆ ಸುರಿದ. ಆ ಮೋರಿ ರಾಜಕಾಲುವೆಗೆ, ರಾಜಕಾಲುವೆ ವೃಷಭಾವತಿಗೆ, ವೃಷಭಾವತಿ ಬೈರಮಂಗಲದ ಕೆರೆಗೆ ಹೋಗುತ್ತದೆ. ಆ ನೀರಿನಲ್ಲೇ ಅಲ್ಲಿನ ರೈತರು ಬೆಳೆ ತೆಗೆಯುತ್ತಾರೆ.

ಇದನ್ನು ದುರಾಸೆ ಎಂದು ಬೈದು ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ, ಏಕೆಂದರೆ ಆ ಕಸದಲ್ಲಿ ನಿಜವಾಗಿಯೂ ಚಿನ್ನವಿದೆ. ಬ್ಯಾಟರಿ ತೆಗೆದ ಒಂದು ಟನ್ ಮೊಬೈಲ್ ಫೋನುಗಳಲ್ಲಿ ಸುಮಾರು 340 ಗ್ರಾಂ ಚಿನ್ನ, ಮೂರೂವರೆ ಕಿಲೊ ಬೆಳ್ಳಿ, 140 ಗ್ರಾಂ ಪಲ್ಲಾಡಿಯಂ ಎಂಬ ಬೆಲೆಬಾಳುವ ಲೋಹ, 130 ಕಿಲೊ ತಾಮ್ರ ಇರುತ್ತದೆಂಬ ಅಂದಾಜಿದೆ. 2001ರಲ್ಲಿ ಬಾಗಿಲು ಹಾಕಿದ ನಮ್ಮೂರಿನ ಗಣಿಯಲ್ಲಿ ಕೊನೆಗಾಲಕ್ಕೆ ಒಂದು ಟನ್ ಅದಿರಿಗೆ ಕೆಲವೇ ಗ್ರಾಂ ಚಿನ್ನ ಸಿಗುತ್ತಿತ್ತು, ಅದೂ ಭೂಮಿಯೊಳಗೆ ಮೂರು ಕಿಲೊಮೀಟರ್ ಇಳಿದ ಮೇಲೆ. 2020ರ ಟೋಕಿಯೊ ಒಲಿಂಪಿಕ್ಸಿನ ಸುಮಾರು 5,000 ಪದಕಗಳಿಗೆ ಬೇಕಾದ ಲೋಹವನ್ನೆಲ್ಲ ಜಪಾನಿನ ಜನ ಕೊಟ್ಟ ಹಳೆಯ ಫೋನು, ಉಪಕರಣಗಳಿಂದಲೇ ತೆಗೆಯಲಾಯಿತು. ಅದರಲ್ಲಿ ಚಿನ್ನವೇ 32 ಕಿಲೊ. ಕಪ್ಪತಗುಡ್ಡದ ಹಳ್ಳಗಳಲ್ಲಿ ಮಣ್ಣು ತೊಳೆದು ಚಿನ್ನದ ಕಣ ಹೆಕ್ಕುತ್ತಿದ್ದ ಜಲಗಾರರ ಕಸುಬಿನ ಸಾಲಿನಲ್ಲೇ ಈ ಹುಡುಗರನ್ನೂ ನಾನು ನಿಲ್ಲಿಸುತ್ತೇನೆ. ಆದರೆ ಜಲಗಾರರ ಮರಿಗೆಯಿಂದ ಹೊರಬೀಳುತ್ತಿದ್ದದ್ದು ಬರೀ ಮಣ್ಣುನೀರು.

ಲೀಚಿಂಗ್, ಅಂದರೆ ಲೋಹವನ್ನು ದ್ರಾವಣಕ್ಕೆ ಇಳಿಸುವ ಕೆಲಸ, ತನ್ನಷ್ಟಕ್ಕೆ ಕೆಟ್ಟದ್ದಲ್ಲ. ನೈಟ್ರಿಕ್ ಆಮ್ಲವಾಗಲಿ ಹೈಡ್ರೊಕ್ಲೋರಿಕ್ ಆಮ್ಲವಾಗಲಿ ಒಂಟಿಯಾಗಿ ಚಿನ್ನವನ್ನು ಕರಗಿಸಲಾರದು. ಒಂದಕ್ಕೆ ಮೂರರಂತೆ ಎರಡನ್ನೂ ಬೆರೆಸಿದರೆ ನೈಟ್ರಿಕ್ ಆಮ್ಲ ಚಿನ್ನವನ್ನು ಉತ್ಕರ್ಷಿಸುತ್ತದೆ, ಅಂದರೆ ಅದರ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುತ್ತದೆ, ಹೈಡ್ರೊಕ್ಲೋರಿಕ್ ಆಮ್ಲದ ಕ್ಲೋರೈಡು ಅದನ್ನು ದ್ರಾವಣದಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಗಣಿಗಳಲ್ಲಿ ಬಳಸುವ ಸೈನೈಡಿನ ಕ್ರಮ ಇನ್ನೊಂದು. ಅಲ್ಲಿ ದ್ರಾವಣದ ಪಿ.ಎಚ್., ಅಂದರೆ ಆಮ್ಲ-ಕ್ಷಾರದ ಅಳತೆ, ಸದಾ ಹತ್ತಕ್ಕಿಂತ ಮೇಲಿರಬೇಕು, ಇಳಿದರೆ ಪ್ರಾಣ ತೆಗೆಯುವ ಹೈಡ್ರೊಜನ್ ಸೈನೈಡ್ ಅನಿಲವೇಳುತ್ತದೆ. ಆಸಿಡ್ ಬಕೆಟ್ಟಿರುವ ಷೆಡ್ಡಿಗೆ ಸೈನೈಡೂ ಬಂದು, ಎರಡರ ತೊಳೆದ ನೀರೂ ಒಂದೇ ಮೋರಿಯಲ್ಲಿ ಸೇರಿದರೆ ಏನಾದೀತೆಂದು ಯೋಚಿಸಿದರೆ ನನಗೆ ನಿದ್ದೆ ಬರುವುದಿಲ್ಲ. ಕಂದು ಹೊಗೆಯೂ ಕಡಿಮೆಯದಲ್ಲ. ಅದನ್ನು ಕುಡಿದವನು ಆ ಕ್ಷಣ ಕೆಮ್ಮಿ ಸುಧಾರಿಸಿಕೊಂಡಂತೆ ಕಂಡರೂ ಕೆಲವು ಗಂಟೆಗಳ ಬಳಿಕ ಶ್ವಾಸಕೋಶದಲ್ಲಿ ನೀರು ತುಂಬಬಹುದು. ವಿಡಿಯೊ ಮಾಡುವವರು ಇದನ್ನು ಹೇಳುವುದಿಲ್ಲ.

ಚಿನ್ನ ಹೋದ ಮೇಲೆ ಏನು ಉಳಿಯುತ್ತದೆಂಬುದು ನಮ್ಮೂರಿನವರಿಗೆ ಗೊತ್ತು. ಒಂದು ಶತಮಾನಕ್ಕೂ ಮೀರಿ ಅದಿರು ಅರೆದು, ಸೈನೈಡಿನಲ್ಲಿ ತೊಳೆದು ಚೆಲ್ಲಿದ ಪುಡಿ ಊರ ಸುತ್ತ ದಿಬ್ಬದಿಂದ ದಿಬ್ಬಕ್ಕೆ ಬಿದ್ದಿದೆ. ಅದರ ಪ್ರಮಾಣ 3 ಕೋಟಿ ಟನ್ನಿಗೂ ಮಿಗಿಲು. ಆಷಾಢದ ಗಾಳಿಗೆ ಆ ದೂಳು ಏಳುವಾಗ ನಮ್ಮ ತಾಯಿ ಒಣಹಾಕಿದ ಬಟ್ಟೆಯನ್ನು ಎಳೆದುಕೊಂಡು ಒಳಗೆ ಓಡುತ್ತಿದ್ದರು. ಅಲ್ಲಿ ಕಸ ಕನಿಷ್ಠ ಒಂದು ಕಡೆ ಗುಡ್ಡೆಯಾಗಿ ಕಣ್ಣಿಗೆ ಕಾಣುತ್ತದೆ. ಬೆಂಗಳೂರಿನ ಷೆಡ್ಡುಗಳದ್ದು ನೀರಾಗಿ ಹರಿದುಹೋಗುತ್ತಿದೆ.

ದಾಳಿ ಮಾಡಿ ಬೀಗ ಹಾಕಿಸಿದರೆ ಷೆಡ್ಡು ಪಕ್ಕದ ಬಡಾವಣೆಗೆ ಹೋಗುತ್ತದೆ, ಅಷ್ಟೇ. 2013ರಲ್ಲಿ ಸುಪ್ರೀಂ ಕೋರ್ಟು ಆಸಿಡ್ಡಿನ ಚಿಲ್ಲರೆ ಮಾರಾಟಕ್ಕೆ ಕಟ್ಟಳೆ ಹಾಕಿದ ಮೇಲೂ ಆ ಬಕೆಟ್ಟುಗಳು ತುಂಬುತ್ತಲೇ ಇವೆ. ಹುಡುಗ ಆಸಿಡ್ಡಿಗೆ ಕೈಹಾಕುವುದು ಏಕೆಂದು ನಾನು ಅವನನ್ನೇ ಕೇಳಿದೆ. ಬೋರ್ಡನ್ನು ಹಾಗೇ ಮಾರಿದರೆ ವ್ಯಾಪಾರಿ ಮೂಟೆಯ ಬಾಯಿ ಬಿಚ್ಚಿ ನೋಡಿ ಕಣ್ಣಂದಾಜಿನಲ್ಲಿ ಕಿಲೊಗೆ ಇಷ್ಟು ಎನ್ನುತ್ತಾನಂತೆ. ಒಳಗೆ ಎಷ್ಟು ಚಿನ್ನವಿದೆಯೆಂದು ಇವನಿಗೆ ತಿಳಿಯುವ ದಾರಿಯೇ ಇಲ್ಲ. ಮೋಸ ಹೋಗಬಾರದೆಂದು ತಾನೇ ತೆಗೆಯುತ್ತಾನೆ, ತೆಗೆದೂ ಮೋಸ ಹೋಗುತ್ತಾನೆ. ಬೆಂಗಳೂರಿನ ಇಂಥ ಷೆಡ್ಡುಗಳನ್ನೇ ನೋಡಿ ಈ ಹಿಂದೆ ನಡೆದ ಅಧ್ಯಯನದಲ್ಲಿ ಬೋರ್ಡಿನ ಚಿನ್ನದ ಸುಮಾರು ಕಾಲುಭಾಗ ಮಾತ್ರ ಅವರ ಕೈಗೆ ದಕ್ಕುವುದು ಕಂಡುಬಂದಿತ್ತು. ಸುಸಜ್ಜಿತ ಘಟಕಗಳಲ್ಲಿ ಶೇ 95ರಷ್ಟು ಬರುತ್ತದೆ. ಬೋರ್ಡಿನ ಮೇಲಿನ ಎಲೆಕ್ಟ್ರಾನಿಕ್ ಚಿಪ್‌ಗಳೊಳಗಿನ ಕೂದಲೆಳೆ ತಂತಿಯ ಚಿನ್ನ, ಬೆಳ್ಳಿ, ಪಲ್ಲಾಡಿಯಂ ಬಹುಪಾಲು ಅವರ ಕೈತಪ್ಪುತ್ತದೆ.

ನಮ್ಮ ಹಳ್ಳಿಗಳಲ್ಲಿ ಹಾಲು ಹಾಕುವ ಹೆಂಗಸರು ಡೇರಿಯ ಮುಂದೆ ಕ್ಯಾನು ಇಟ್ಟರೆ ಜಿಡ್ಡು ಅಳೆದು, ಚೀಟಿ ಕೊಟ್ಟು, ಅದರ ಪ್ರಕಾರ ದುಡ್ಡು ಹಾಕುತ್ತಾರೆ. ಬೋರ್ಡಿಗೂ ಇದೇ ವ್ಯವಸ್ಥೆ ಆಗಬೇಕೆಂಬುದು ನನ್ನ ಒತ್ತಾಯ. ಹಾಲಿನಂತೆ ಬೋರ್ಡು ಏಕರಸವಲ್ಲ, ನಿಜ. ಒಂದು ಮೂಲೆಯಲ್ಲಿ ಚಿನ್ನ, ಇನ್ನೊಂದು ಮೂಲೆಯಲ್ಲಿ ಬರೀ ಗಾಜಿನ ನಾರು ಮತ್ತು ರಾಳ. ಆದ್ದರಿಂದ ಹತ್ತಾರು ಜನರ ಸರಕನ್ನು ಫೋನಿನದು, ಕಂಪ್ಯೂಟರಿನದು, ಟಿ.ವಿ.ಯದು ಎಂದು ಬೇರೆ ಬೇರೆ ಮಾಡಿ, ಅವರ ಕಣ್ಣೆದುರೇ ಪುಡಿಮಾಡಿ, ಚೆನ್ನಾಗಿ ಬೆರೆಸಿ, ಮಾದರಿ ತೆಗೆದು, ಅಕ್ಕಸಾಲಿಗರು ಪುಟಕ್ಕೆ ಹಾಕುವಂತೆ ಬೆಂಕಿಯಲ್ಲಿ ಪರೀಕ್ಷಿಸಬೇಕು. ಗಣಿಯವರು ಬಹುಕಾಲದಿಂದ ಮಾಡಿಕೊಂಡು ಬಂದ ಕೆಲಸವಿದು, ಇದರಲ್ಲಿ ಹೊಸ ವಿದ್ಯೆ ಏನೂ ಬೇಕಿಲ್ಲ. ಆಭರಣ ಕೊಳ್ಳುವವರಿಗೆ ಮೋಸವಾಗದಿರಲೆಂದು 2021ರಿಂದ ಹಾಲ್‌ಮಾರ್ಕ್ ಕಡ್ಡಾಯ ಮಾಡಿದ ಸರ್ಕಾರ, ಗುಜರಿ ಹೆಕ್ಕುವವರಿಗೂ ಅಂಥದೊಂದು ರಕ್ಷಣೆ ಕೊಡಬೇಡವೆ?

ಬಿಚ್ಚುವ, ಬೇರ್ಪಡಿಸುವ ಕೆಲಸ ಗಲ್ಲಿಯ ಹುಡುಗರಲ್ಲೇ ಉಳಿಯಲಿ. ಅವರಷ್ಟು ಚುರುಕಾಗಿ ಅದನ್ನು ಯಾವ ಯಂತ್ರವೂ ಮಾಡದು. ಆಸಿಡ್ಡಿನ ಕೆಲಸ ಮಾತ್ರ ಹೊಗೆಯನ್ನು ತೊಳೆಯುವ, ತ್ಯಾಜ್ಯ ನೀರಿಗೆ ಸುಣ್ಣ ಹಾಕಿ ಲೋಹವನ್ನು ತಳಕ್ಕೆ ಇಳಿಸುವ ನೋಂದಾಯಿತ ಘಟಕಕ್ಕೆ ಹೋಗಲಿ. 2022ರ ಇ-ತ್ಯಾಜ್ಯ ನಿಯಮಗಳ ಪ್ರಕಾರ ಉಪಕರಣ ತಯಾರಿಸುವ ಕಂಪನಿಗಳು ಇಂಥ ಘಟಕಗಳಿಂದ ಇಷ್ಟು ತ್ಯಾಜ್ಯ ಮರುಬಳಕೆಯಾಯಿತೆಂಬ ಪ್ರಮಾಣಪತ್ರ ಕೊಳ್ಳಲೇಬೇಕು. ಆ ಹಣದ ಒಂದು ಪಾಲು ಪರೀಕ್ಷಾ ಕೇಂದ್ರಗಳಿಗೆ ಹೋಗುವಂತೆ ಮಾಡಬೇಕೆಂದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯನ್ನೂ ಸರ್ಕಾರವನ್ನೂ ಕೇಳಿಕೊಳ್ಳುತ್ತೇನೆ. ಮೊದಲ ಕೇಂದ್ರ ಯಾವುದೋ ದೂರದ ಕೈಗಾರಿಕಾ ಪ್ರದೇಶದಲ್ಲಿ ಬೇಡ. ಮೂಟೆ ಹೊತ್ತವನು ನಡೆದೇ ಬರುವಷ್ಟು ಹತ್ತಿರ, ಆ ಗಲ್ಲಿಗಳ ಬಾಯಲ್ಲೇ ತೆರೆಯಲಿ.

ಇತಿ,
ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕ
ರಾಬರ್ಟ್‌ಸನ್‌ಪೇಟೆ, ಕೆ.ಜಿ.ಎಫ್.