ಕ್ಯಾಮೆರಾ ಮುಂದೆ ಕೂರೋ ಮೊದಲು

ಸೋಮವಾರಪೇಟೆ ತಾಲ್ಲೂಕು,
ಆಗಸ್ಟ್ 5, 2025

ಮಗಳೇ,

ಭಾನುವಾರದ ಮಾತು ಮತ್ತೆ ಎತ್ತಲ್ಲ. ಯಾರು ಏನಂದ್ರು, ಯಾರ ದನಿ ಮೊದಲು ಏರಿತು ಅನ್ನೋದು ನಿನಗೂ ಗೊತ್ತು, ನನಗೂ ಗೊತ್ತು, ಅಷ್ಟು ಮಳೆ ಸದ್ದಲ್ಲೂ ಪಕ್ಕದ ಮನೆಯವರಿಗೂ ಗೊತ್ತಾಗಿದೆ. ಆಟಿ ಪಾಯಸ ಮುಟ್ಟದೆ ಬಸ್ ಹತ್ತಿದೆಯಲ್ಲ, ಅದೊಂದು ಸರಿಯಾಗಲಿಲ್ಲ. ನಿನಗೇಂತ ಎತ್ತಿಟ್ಟಿದ್ದನ್ನ ನಿನ್ನಪ್ಪ ಸೋಮವಾರ ಬೆಳಗ್ಗೆ ಸಿಟ್ಟಲ್ಲೇ ತಿಂದು ಮುಗಿಸಿದ್ರು. ಸಿಟ್ಟು ಯಾರ ಮೇಲೆ ಅಂತ ಹೇಳಲಿಲ್ಲ.

ಫೋನ್ ಎತ್ತಲ್ಲ, ವಾಟ್ಸಾಪಲ್ಲಿ ನೀಲಿ ಗೆರೆ ಬರುತ್ತೆ, ಉತ್ತರ ಬರಲ್ಲ. ಅದಕ್ಕೇ ಕಾಗದ. ನಾಳೆ ಬೆಂಗಳೂರಿಗೆ ಹೊರಟಿರೋ ಚಿಕ್ಕಪ್ಪನ ಕೈಲಿ ಕೊಡ್ತೀನಿ. ಶನಿವಾರದ ಬ್ಯಾಂಕ್ ಕೆಲಸದ ಆನ್‌ಲೈನ್ ಟೆಸ್ಟಿಗೆ ಮೊದಲು ಓದಿದ್ರೆ ಸಾಕು.

ನೀನು ಇಲ್ಲಿ ಕೂತು ಬರೆಯಲ್ಲ ಅಂದದ್ದು ಒಳ್ಳೇದೇ ಆಯ್ತು. ನಿನ್ನೆ ಸಂಜೆ ಮೇಲಿನ ತೋಟದ ಸಿಲ್ವರ್ ಮರ ಲೈನ್ ಮೇಲೆ ಬಿದ್ದಿದೆ. ಕರೆಂಟ್ ಹೋದದ್ದು ಹೋದದ್ದೇ. ಇನ್ವರ್ಟರ್ ರಾತ್ರಿಯೇ ಕೂಗಿ ಕೂಗಿ ಸುಮ್ಮನಾಯ್ತು, ಮೊಬೈಲಿಗೆ ಅಡಿಗೆಮನೆ ಕಿಟಕಿ ಹತ್ತಿರ ಮಾತ್ರ ಒಂದು ಕಡ್ಡಿ ಸಿಗ್ನಲ್. ಪ್ರಶ್ನೆ ಅರ್ಧ ಓದುವಾಗ ಪರದೆ ಕಪ್ಪಾಗಿದ್ದರೆ ಆ ಪಾಪವೂ ನನ್ನ ತಲೆಗೇ ಬರ್ತಿತ್ತು.

ಪ್ರಾಕ್ಟೀಸ್ ಟೆಸ್ಟಲ್ಲಿ ಕೆಂಪು ಅಕ್ಷರದಲ್ಲಿ ‘ಇನ್ನೊಬ್ಬ ವ್ಯಕ್ತಿ ಕಾಣಿಸುತ್ತಿದ್ದಾರೆ’ ಅಂತ ಬಂತಲ್ಲ, ಆ ಇನ್ನೊಬ್ಬ ವ್ಯಕ್ತಿ ಈ ಕಾಗದ ಬರೀತಿರೋದು. ನಾನು ಕಾಫಿ ಲೋಟ ಇಡೋಕೆ ಬಂದವಳಲ್ಲ, ನಿನ್ನ ಕಣ್ಣು ನೋಡೋಕೆ ಬಂದವಳು. ಎಣಿಸುವಾಗ ಇನ್ನೂ ಮೇಲೆ ನೋಡ್ತೀಯಾ ಅಂತ. ನೋಡ್ತೀಯ. ಮೂರು ಬ್ರಾಂಚಿನ ಠೇವಣಿ ಲೆಕ್ಕ ಬಂದ ಕೂಡಲೇ ನಿನ್ನ ಕಣ್ಣು ಪರದೆ ಬಿಟ್ಟು ನೇರ ಸೂರಿಗೆ ಹೋಯ್ತು. ನನಗೆ ಹೊಟ್ಟೆಯಲ್ಲಿ ಏನೋ ಆಯ್ತು.

ನಾಲ್ಕನೇ ಕ್ಲಾಸಿನ ಅರ್ಧ ವಾರ್ಷಿಕ ಪರೀಕ್ಷೆ ನಿನಗೆ ನೆನಪಿಲ್ಲ ಅಂತೀಯ. ನನಗಿದೆ. ಗೋಡೆ ಮೇಲೆ ಮಗ್ಗಿ ಚಾರ್ಟ್ ತೂಗುಹಾಕಿದ್ರು. ನೀನು ಅದರ ಮೇಲಿನ ಹೆಂಚಿನ ರೀಪು ನೋಡ್ತಾ ಗುಣಿಸ್ತಿದ್ದೆ, ಮೇಷ್ಟ್ರಿಗೆ ಚಾರ್ಟ್ ನೋಡಿ ಕದ್ದು ಬರೀತಿರೋ ಹಾಗೆ ಕಂಡಿತು. ಪೇಪರ್ ಕಿತ್ತುಕೊಂಡು ಜಗಲಿಯಲ್ಲಿ ನಿಲ್ಲಿಸಿದ್ರು. ಇರಚಲು ಮಳೆ. ಯಾರೋ ಬಂದು ಹೇಳಿದ ಮೇಲೆ ನಾನು ಸೊಸೈಟಿ ಕೌಂಟರಿಂದ ಹಾಗೇ ಎದ್ದು ಬಂದೆ. ಲೆಡ್ಜರ್ ಪೆನ್ಸಿಲ್ ತುರುಬಲ್ಲೇ ಇತ್ತು. ನಿನ್ನ ಲಂಗದ ಅಂಚು ಪೂರ್ತಿ ಒದ್ದೆಯಾಗಿ ಕಾಲಿಗೆ ಅಂಟಿಕೊಂಡಿತ್ತು, ಆದರೂ ಅಳ್ತಿರಲಿಲ್ಲ ನೀನು. ಅದು ನೋಡಿದ ಮೇಲೆ ನನ್ನ ಬಾಯಿಗೆ ಬೀಗ ಇರಲಿಲ್ಲ.

ಮೇಷ್ಟ್ರ ಎದುರಿಗೇ ಕೇಳಿದೆ: ‘ಐವತ್ತು ಕೇಜಿ ಕಾಫಿ ಚೆರ್ರಿ ಮೂಟೆಗೆ ಓಟಿ, ಅಂದ್ರೆ ಸಿಗೋ ಬೇಳೆ, 26 ಕೇಜಿ ಬಂದರೆ, 350 ಕೇಜಿಗೆ ಬೇಳೆ ಎಷ್ಟು?’ ನೀನು ಜಗಲಿಯ ಸೂರು ನೋಡಿದೆ. ಅಲ್ಲಿ ಚಾರ್ಟ್ ಇರಲಿಲ್ಲ, ಜೇಡರ ಬಲೆ ಇತ್ತು. ‘182’ ಅಂದೆ. ಮೇಷ್ಟ್ರು ನಂಬಲಿಲ್ಲ, ‘ಓಟಿ 28 ಆದರೆ?’ ಅಂದ್ರು. ಮತ್ತೆ ಸೂರು ನೋಡಿದೆ, ‘196’. ಅವರು ಪೇಪರ್ ವಾಪಸ್ ಕೊಟ್ಟು, ‘ನಿಮ್ಮ ಹುಡುಗಿಗೆ ಮೇಲಿಂದ ಯಾರೋ ಹೇಳಿಕೊಡ್ತಾರೆ ಕಣಮ್ಮ’ ಅಂತ ನಕ್ಕರು. ನಾನು ನಗಲಿಲ್ಲ. ಆಮೇಲೆ ವಾರಗಟ್ಟಲೆ ಕಾಫಿ ಕಣದಲ್ಲಿ ಸಿಕ್ಕಸಿಕ್ಕವರಿಗೆಲ್ಲ ಈ ಕಥೆ ಹೇಳ್ತಾ ತಿರುಗಿದೆ ಅಂತ ನಿನ್ನಪ್ಪ ಈಗಲೂ ಆಡಿಕೊಳ್ತಾರೆ. ಹೇಳಿಕೊಳ್ಳಲಿ. ಹೇಳುವಂಥದ್ದೇ ಅದು.

ಇದನ್ನ ಇಷ್ಟು ಉದ್ದ ಬರೆದದ್ದಕ್ಕೆ ಕಾರಣ ಇದೆ. ಅಲ್ಲಿ ಮೇಷ್ಟ್ರು ಇದ್ರು, ಹೋಗಿ ಜಗಳ ಆಡಿದೆ. ಇಲ್ಲಿ ಯಾರ ಹತ್ತಿರ ಹೋಗಲಿ? ಕಣ್ಣು ಪರದೆ ಬಿಟ್ಟರೆ ಕಂಪ್ಯೂಟರೇ ಗುರುತು ಹಾಕ್ಕೊಳ್ಳುತ್ತೆ, ಬೇರೆ ಟ್ಯಾಬ್ ತೆಗೆದ್ರೆ ಗುರುತು, ಪಕ್ಕದಲ್ಲಿ ಯಾರಾದ್ರೂ ಮಾತಾಡಿದ್ರೆ ಗುರುತು. ಅಲಾರಂ ಬಂದ ತಕ್ಷಣ ಫೇಲ್ ಅಲ್ಲ, ರೆಕಾರ್ಡಿಂಗ್ ಆಮೇಲೆ ಮನುಷ್ಯರೇ ನೋಡ್ತಾರೆ ಅಂತ ನೀನು ಹೇಳಿದೆ. ಸರಿ, ನಂಬಿದೆ. ಆದರೆ ಆ ಮನುಷ್ಯರಿಗೆ 182ರ ಕಥೆ ಗೊತ್ತಿಲ್ಲವಲ್ಲ. ಸಾವಿರಾರು ಮುಖಗಳಲ್ಲಿ ನಿನ್ನದೊಂದು ಮುಖ, ಸೂರು ನೋಡ್ತಿರೋ ಮುಖ. ಅವರೇನು ಅಂದ್ಕೊಳ್ತಾರೆ?

ಭಾನುವಾರ ಇದನ್ನೇ ಹೇಳೋಕೆ ಹೋದದ್ದು. ಬಾಯಿಂದ ಬಂದದ್ದು ಬೇರೆ. ಅಷ್ಟೇ, ಇನ್ನು ಆ ಸುದ್ದಿ ಬಿಟ್ಟೆ.

ನನಗೆ ಸೊಸೈಟಿ ಕೆಲಸ ಸಿಕ್ಕಿದ ದಿನ ಅಧ್ಯಕ್ಷರು ಒಂದು ಹಳೇ ರಸಗೊಬ್ಬರದ ರಿಜಿಸ್ಟರ್ ಮುಂದೆ ಹಾಕಿ, ‘ಕೂಡಮ್ಮ’ ಅಂದ್ರು. ಕೂಡಿದೆ. ‘ನಾಳೆಯಿಂದ ಬಾ’ ಅಂದ್ರು. ನನ್ನ ಸ್ವಭಾವ ಎಂಥದ್ದು, ಸಿಟ್ಟು ಬಂದಾಗ ಏನು ಮಾಡ್ತೀನಿ ಅಂತ ಯಾರೂ ಕೇಳಲಿಲ್ಲ, ಕೇಳಿದ್ದರೆ ಕೆಲಸ ಸಿಗ್ತಿರಲಿಲ್ಲ. ನಿನಗೆ ಅದನ್ನೂ ಕೇಳ್ತಾರೆ. ಅದಕ್ಕೇ ಆ ಸ್ವಭಾವದ ಪ್ರಶ್ನೆಗಳ ಬಗ್ಗೆ ನಾಲ್ಕು ಮಾತು. ‘ನಾನು ಯಾವತ್ತೂ ಯಾರ ಮೇಲೂ ಬೇಸರಪಟ್ಟಿಲ್ಲ’ ಅಂತ ಇದ್ರೆ ಸಂಪೂರ್ಣ ಒಪ್ಪುತ್ತೇನೆ ಅಂತ ಒತ್ತಬೇಡ. ಅದೇ ಪ್ರಶ್ನೆಯನ್ನ ವೇಷ ಬದಲಿಸಿ ಮತ್ತೆಲ್ಲೋ ಕೇಳಿರ್ತಾರೆ, ಎರಡೂ ಕಡೆ ತಾಳೆ ಆಗ್ಬೇಕು. ದೇವರಂಥವರು ಯಾವ ಬ್ಯಾಂಕಿಗೂ ಬೇಡ. ನೀನು ಬೇಸರಪಡೋಳೇ, ಹಾಗೇ ಒತ್ತು.

ಲೆಕ್ಕದ್ದು ನಿನಗೆ ಹೇಳಿಕೊಡೋ ಧೈರ್ಯ ನನಗಿಲ್ಲ, ಆದರೂ ಒಂದು. ಶೇಕಡಾ ಬೇರೆ, ಶೇಕಡಾ ಪಾಯಿಂಟ್ ಬೇರೆ. ಈ ಜೂನಲ್ಲಿ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಸಾಲ ಕೊಡೋ ರೆಪೊ ದರವನ್ನ ಶೇಕಡಾ 6ರಿಂದ 5.5ಕ್ಕೆ ಇಳಿಸಿತು. ಇಳಿದದ್ದು ಅರ್ಧ ಪಾಯಿಂಟ್. ‘ಶೇಕಡಾ ಎಷ್ಟು ಇಳಿಕೆ’ ಅಂತ ಕೇಳಿದ್ರೆ ಉತ್ತರ 8.33. ನಾಲ್ಕು ಆಯ್ಕೆಯಲ್ಲಿ 0.5 ಅಂತ ಒಂದು ಖಂಡಿತ ಇಟ್ಟಿರ್ತಾರೆ, ಅವಸರದವರು ಬೀಳಲಿ ಅಂತಲೇ. ಪಟ್ಟಿ ಕೊಟ್ಟಾಗ ಮೊದಲು ಮೇಲಿನ ಸಾಲು ಓದು, ಅಂಕಿ ಲಕ್ಷದಲ್ಲೋ ಕೋಟಿಯಲ್ಲೋ ಅಂತ. ನಮ್ಮ ಸೊಸೈಟಿಗೆ ಬರೋ ಆಡಿಟ್ ಹುಡುಗರೇ ಅಲ್ಲಿ ಎಡವೋದನ್ನ ನೋಡಿದ್ದೀನಿ.

ಮೈಸೂರಲ್ಲಿ ನೀನು ಬರೆದ, ಸರ್ಕಾರಿ ಬ್ಯಾಂಕುಗಳಿಗೆ ಜನ ಆರಿಸೋ ಐಬಿಪಿಎಸ್ ಪ್ರಿಲಿಮ್ಸ್ ಪರೀಕ್ಷೆ ಲೆಕ್ಕಾಚಾರ ಇಲ್ಲಿ ನಡೆಯಲ್ಲ ಅಂತ ಕಾಣುತ್ತೆ. ಅಲ್ಲಿ 60 ನಿಮಿಷ, 100 ಪ್ರಶ್ನೆ. ಇಂಗ್ಲಿಷ್ 30, ಗಣಿತ 35, ರೀಸನಿಂಗ್ 35, ಒಂದೊಂದಕ್ಕೂ 20 ನಿಮಿಷ, ತಪ್ಪಾದರೆ ಕಾಲು ಅಂಕ ಕಡಿತ. ಎಲ್ಲ ಮೊದಲೇ ಗೊತ್ತು. ಈ ಖಾಸಗಿ ಬ್ಯಾಂಕಿನ ಟೆಸ್ಟಲ್ಲಿ ಮುಂದಿನ ಪ್ರಶ್ನೆಗೆ ಹೋದ ಮೇಲೆ ಹಿಂದಕ್ಕೆ ಬರೋಕಾಗುತ್ತೋ ಇಲ್ಲವೋ, ತಪ್ಪಿಗೆ ಕಡಿತ ಇದೆಯೋ ಇಲ್ಲವೋ, ಎಲ್ಲ ಸೂಚನೆ ಪುಟದಲ್ಲೇ ಬರೆದಿರ್ತಾರೆ. ಆ ಪುಟ ಓದುವಾಗ ಗಡಿಯಾರ ಓಡಲ್ಲ ಅಂದೆಯಲ್ಲ, ಹಾಗಾದ್ರೆ ನಿಧಾನಕ್ಕೆ ಓದು. ಕಾಫಿ ಬೋರ್ಡ್ ಅರ್ಜಿಯ ಹಿಂಬದಿಯನ್ನ ನಿನ್ನಪ್ಪ ಓದೋ ಹಾಗೆ ಓದಬೇಡ.

ಇನ್ನು ‘ಇಂಥ ಸಂದರ್ಭದಲ್ಲಿ ನೀವೇನು ಮಾಡುವಿರಿ’ ಅನ್ನೋ ಪ್ರಶ್ನೆಗಳು. ಗ್ರಾಹಕರು ಎಫ್‌ಡಿ ಮಾಡಿಸೋಕೆ ಬಂದಿದ್ದಾರೆ, ನಿಮಗೆ ತಿಂಗಳ ವಿಮೆ ಟಾರ್ಗೆಟ್ ಬಾಕಿ ಇದೆ, ಏನು ಮಾಡ್ತೀರಿ? ಇದನ್ನ ನೋಡಿದಾಗ ನನಗೆ ನಮ್ಮೂರ ತಾತನೊಬ್ಬ ಕಣ್ಣಿಗೆ ಬಂದ. ಕರಿಮೆಣಸು ಮಾರಿದ ದುಡ್ಡು ಎಫ್‌ಡಿ ಇಡೋಕೆ ಹೋದ, ಕೈಗೆ ಕೊಟ್ಟದ್ದು ವಿಮೆ ಪಾಲಿಸಿ. ಯಾವ ಬ್ಯಾಂಕ್ ಅಂತ ಬೇಡ. ವರ್ಷ ಕಳೆದು ಎರಡನೇ ಕಂತಿನ ಮೆಸೇಜ್ ಬಂದಾಗ ಆ ಬಾಂಡ್ ಪೇಪರನ್ನ ಪ್ಲಾಸ್ಟಿಕ್ ಕವರಲ್ಲಿ ಸುತ್ತಿಕೊಂಡು ಸೊಸೈಟಿಗೆ ಬಂದ, ‘ಇದಕ್ಕೆ ಬಡ್ಡಿ ಯಾವಾಗ ಬರುತ್ತೆ ನೋಡು ತಾಯಿ’ ಅಂತ. ಈಗಿನ ನಿಯಮದಲ್ಲಿ ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡ ಅಂತ ವಾಪಸ್ ಕೊಡಬಹುದು. ಆದರೆ ಕೈಲಿರೋದು ಎಫ್‌ಡಿ ಅಂತ ನಂಬಿದವನು ಯಾಕೆ ವಾಪಸ್ ಕೊಡ್ತಾನೆ? ಪರೀಕ್ಷೆಯಲ್ಲಿ ನೀನು ಸರಿ ಉತ್ತರಾನೇ ಒತ್ತುತ್ತೀಯ, ಎಲ್ಲರೂ ಒತ್ತುತ್ತಾರೆ. ಆ ಪಾಲಿಸಿ ಕೊಟ್ಟ ಹುಡುಗನೂ ಒಂದು ದಿನ ಸರಿ ಉತ್ತರ ಒತ್ತಿಯೇ ಒಳಗೆ ಹೋದವನು. ಕೆಲಸಕ್ಕೆ ಸೇರಿ ಮಾರ್ಚ್ ತಿಂಗಳು ಬಂದಾಗ ಮ್ಯಾನೇಜರ್ ದಿನಾ ಬೆಳಗ್ಗೆ ಟಾರ್ಗೆಟ್ ಕೇಳ್ತಾರಲ್ಲ, ಆವಾಗ...

ಶುರುವಾಯ್ತು ಅಮ್ಮನ ಭಾಷಣ ಅಂತ ನೀನು ಅನ್ನೋದು ಇಲ್ಲಿಗೇ ಕೇಳಿಸ್ತು. ನಿಲ್ಲಿಸ್ತೀನಿ. ಇಲ್ಲ, ಇನ್ನೊಂದಿದೆ. ‘ಟೆಸ್ಟ್ ಪಾಸ್ ಆಗಿದ್ದೀರಿ, ಟ್ರೇನಿಂಗಿಗೆ, ಲ್ಯಾಪ್‌ಟಾಪಿಗೆ ಇಷ್ಟು ಡಿಪಾಸಿಟ್ ಕಟ್ಟಿ’ ಅಂತ ಯಾರಾದ್ರೂ ಫೋನ್ ಮಾಡಿದ್ರೆ ಒಂದು ರೂಪಾಯಿ ಕಳಿಸಬೇಡ, ಒಟಿಪಿ ಹೇಳಬೇಡ. ಕೆಲಸ ಕೊಡೋರು ದುಡ್ಡು ಕೇಳಲ್ಲ. ಮೇಲ್ ಬಂದ ವಿಳಾಸ ಬ್ಯಾಂಕಿನ ವೆಬ್‌ಸೈಟಲ್ಲಿ ಇರೋದಕ್ಕೆ ಅಕ್ಷರಕ್ಕೆ ಅಕ್ಷರ ಕೂಡುತ್ತಾ ನೋಡು. ನಿನಗೆ ಗೊತ್ತು, ನನಗೂ ಗೊತ್ತು ನಿನಗೆ ಗೊತ್ತು ಅಂತ. ಆದರೂ ಬರೆದೆ.

‘ಬ್ಯಾಂಕ್ ಕೆಲಸವೇ ಯಾಕೆ’ ಅಂತ ಕ್ಯಾಮೆರಾ ನೋಡಿಕೊಂಡು ಮಾತಾಡೋದೂ ಇದೆ ಅಂದೆಯಲ್ಲ. ‘ಬಾಲ್ಯದಿಂದಲೂ ನನ್ನ ಕನಸು’ ಅನ್ನಬೇಡ, ನಿನ್ನ ಬಾಲ್ಯದ ಕನಸು ಬಸ್ ಕಂಡಕ್ಟರ್ ಆಗೋದು. ನಮ್ಮ ಪಾಸ್‌ಬುಕ್ ಕಥೆ ಹೇಳು. ಮೊದಲು ಚಿಕ್ಕಮಗಳೂರು–ಕೊಡಗು ಗ್ರಾಮೀಣ ಬ್ಯಾಂಕ್ ಅಂತಿತ್ತು, 2012ರಲ್ಲಿ ಕಾವೇರಿ ಗ್ರಾಮೀಣ ಆಯ್ತು, 2019ರಲ್ಲಿ ಕರ್ನಾಟಕ ಗ್ರಾಮೀಣ ಆಯ್ತು, ಈ ಮೇ 1ಕ್ಕೆ ವಿಕಾಸ ಗ್ರಾಮೀಣವೂ ಅದಕ್ಕೇ ಸೇರಿ ರಾಜ್ಯಕ್ಕೆಲ್ಲ ಒಂದೇ ಗ್ರಾಮೀಣ ಬ್ಯಾಂಕ್. ಪ್ರತಿ ಸಲ ಹೆಸರು ಬದಲಾದಾಗಲೂ ಊರವರು ‘ನಮ್ಮ ದುಡ್ಡು ಎಲ್ಲಿಗೆ ಹೋಯ್ತು’ ಅಂತ ನನ್ನ ಹತ್ತಿರ ಬಂದು ಕೇಳೋರು, ನೀನು ಪಕ್ಕದ ಸ್ಟೂಲಲ್ಲಿ ಕೂತು ಅವರ ಪಾಸ್‌ಬುಕ್ ಓದಿ ಹೇಳ್ತಿದ್ದೆ. ನಾನು ನೋಡಿದ ಮಟ್ಟಿಗೆ ನಿನಗೆ ಆ ಕೆಲಸ ಅಂದಿನಿಂದಲೇ ಗೊತ್ತು. ಇದು ಹೊಗಳಿಕೆ ಅಲ್ಲ.

ಕೋಣೆಯ ವ್ಯವಸ್ಥೆ ನೋಡ್ಕೋ. ಪಿಜಿ ಹುಡುಗಿಯರಿಗೆ ಮೊದಲೇ ಹೇಳಿ ಬಾಗಿಲು ಹಾಕ್ಕೋ, ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ, ಊರಿಗೆ ಹೋದವರು ಶನಿವಾರವೂ ಬರಲ್ಲ, ಗಲಾಟೆ ಕಡಿಮೆ ಇರುತ್ತೆ. ಕಿಟಕಿ ಬೆನ್ನ ಹಿಂದೆ ಬರೋ ಹಾಗೆ ಕೂತರೆ ಮುಖ ಕಪ್ಪಾಗಿ ಕಾಣುತ್ತೆ, ಬೆಳಕು ಎದುರಿಗಿರಲಿ. ವೈಫೈ ಕೈಕೊಟ್ಟರೆ ಅಂತ ಮೊಬೈಲ್ ಹಾಟ್‌ಸ್ಪಾಟ್ ಒಂದ್ಸಲ ಹಾಕಿ ನೋಡಿಟ್ಟಿರು. ಮುಖ್ಯವಾದದ್ದು: ನಿನ್ನ ಮಾರ್ಕ್ಸ್ ಕಾರ್ಡಲ್ಲಿ ಇನಿಷಿಯಲ್ ಮಾತ್ರ ಇದೆ, ಆಧಾರಲ್ಲಿ ಅಪ್ಪನ ಹೆಸರು ಪೂರ್ತಿ ಇದೆ. ಅರ್ಜಿಯಲ್ಲಿ ಯಾವುದು ಬರೆದಿದ್ದೀಯೋ ಅದೇ ಇರೋ ಗುರುತಿನ ಚೀಟಿಯನ್ನ ಕ್ಯಾಮೆರಾಕ್ಕೆ ತೋರಿಸು.

ಕಣ್ಣಿನ ವಿಷಯ. ಬರೆಯಲ್ಲ ಅಂದ್ಕೊಂಡಿದ್ದೆ. ಲ್ಯಾಪ್‌ಟಾಪಿನ ಮೇಲಂಚಿಗೆ, ಕ್ಯಾಮೆರಾ ಪಕ್ಕ, ಒಂದು ಬಿಂದಿ ಅಂಟಿಸ್ಕೋ. ಎಣಿಸುವಾಗ ಅದನ್ನ ನೋಡು. ಮೇಲೆ ನೋಡಿದ ಹಾಗೂ ಆಯ್ತು, ಪರದೆ ಬಿಡದ ಹಾಗೂ ಆಯ್ತು. ಭಾನುವಾರ ರಾತ್ರಿ ನಿದ್ದೆ ಬರದೆ ನಾನೇ ನಿನ್ನಪ್ಪನ ಹಳೇ ಫೋನ್ ಕ್ಯಾಮೆರಾ ಹಾಕ್ಕೊಂಡು, ಗೋಡೆಗೆ ಒರಗಿಸಿ, ಬಿಂದಿ ಅಂಟಿಸಿ, ಮಗ್ಗಿ ಹೇಳಿ ನೋಡಿದೆ. ಹದಿನೇಳರ ಮಗ್ಗಿವರೆಗೂ ಕಣ್ಣು ಕದಲಲಿಲ್ಲ. ಬಿಂದಿ ಪ್ಯಾಕೆಟ್ ಈ ಕವರಲ್ಲೇ ಇದೆ, ಚಿಕ್ಕದು, ಕಪ್ಪು ಬಣ್ಣದ್ದು.

ಅಭ್ಯಾಸ ಆಗಲಿಲ್ಲ, ಲೆಕ್ಕ ತಪ್ಪುತ್ತೆ ಅನ್ನಿಸಿದ್ರೆ ಕಿತ್ತು ಬಿಸಾಕಿ ಸೂರೇ ನೋಡು. ಅಲಾರಂ ಹೊಡೆದ್ರೆ ಹೊಡೀಲಿ. ಕೇಳೋಕೆ ಯಾರಾದ್ರೂ ಫೋನ್ ಮಾಡಿದ್ರೆ ನಂಬರ್ ನನಗೆ ಕಳಿಸು.

ಶನಿವಾರ ಮುಗಿದ ಮೇಲೆ ಮನೆಗೆ ಫೋನ್ ಮಾಡು, ಅಷ್ಟರಲ್ಲಿ ಲೈನ್ ಸರಿಯಾಗಿರಬಹುದು. ಹೇಗಾಯ್ತು ಅಂತ ನಾನಂತೂ ಕೇಳಲ್ಲ. ನಿನ್ನಪ್ಪ ಕೇಳ್ತಾರೆ.

ಅಮ್ಮ