ಮಸಲ್ ಕಾರ್ ಚರ್ಚೆ: ಭಾನುವಾರದೊಳಗೆ ನಿಮ್ಮ ಆಯ್ಕೆ ತಿಳಿಸಿ

ಗೆಳೆಯರೇ, ನಮಸ್ಕಾರ.

ಅಮೆರಿಕದ ಹಳೆಯ ಮಸಲ್ ಕಾರುಗಳಲ್ಲಿ (ಸಾಮಾನ್ಯ ಕಾರಿಗೆ ದೊಡ್ಡ, ಬಲಶಾಲಿ ಎಂಜಿನ್ ಕೂರಿಸಿದವು) ಅತಿ ಶ್ರೇಷ್ಠ ಯಾವುದು ಎಂಬ ಚರ್ಚೆಗೆ ಬರೀ ಫೋಟೊ ಹಾಕಿದರೆ ಸಾಲದು. ಕಾರಿನ ವರ್ಷ, ಎಂಜಿನ್, ನಿಮ್ಮ ಕಾರಣ ಮೂರನ್ನೂ ಬರೆಯಿರಿ.

ನನ್ನ ಮತ 1964ರ ಪಾಂಟಿಯಾಕ್ ಜಿಟಿಒಗೆ. ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಕೂಡದು ಎಂದು ಪಾಂಟಿಯಾಕ್‌ನ ಒಡೆಯ ಕಂಪನಿ ಜನರಲ್ ಮೋಟರ್ಸ್ ನಿಯಮ ಮಾಡಿತ್ತು. ಪಾಂಟಿಯಾಕ್‌ನ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ ಅವರ ತಂಡ ಟೆಂಪೆಸ್ಟ್ ಲೆಮಾನ್ಸ್ ಎಂಬ ಮಧ್ಯಮ ಗಾತ್ರದ ಕಾರಿಗೆ 389 ಘನ ಇಂಚಿನ ವಿ8 (ಎಂಟು ಸಿಲಿಂಡರಿನ ಎಂಜಿನ್) ಕೂರಿಸಿ, ಆ ನಿಯಮ ತಪ್ಪಿಸಲು ಹೊಸ ಮಾಡೆಲ್ ಎನ್ನದೆ ಜಿಟಿಒ ಎಂಬ ಹೆಚ್ಚುವರಿ ಪ್ಯಾಕೇಜ್ ಎಂದು ಮಾರಿತು. 5,000 ಹೋದರೆ ಸಾಕು ಅಂದುಕೊಂಡಿದ್ದರು, ಮೊದಲ ವರ್ಷವೇ 32,450 ಹೋದವು! ಆಮೇಲೆ ಉಳಿದ ಕಂಪನಿಗಳೆಲ್ಲ ಅದೇ ಹಾದಿ ಹಿಡಿದವು. ದಾರಿ ತೋರಿಸಿದವನಿಗೆ ಮೊದಲ ಮಣೆ ಹಾಕಬೇಕು ಎನ್ನುವುದು ನನ್ನ ವಾದ.

ಬಲವೇ ಮುಖ್ಯ ಎನ್ನುವವರಿಗೆ 1970ರ ಶೆವರ್ಲೆ ಶೆವೆಲ್ ಎಸ್‌ಎಸ್ 454 ಎಲ್‌ಎಸ್6 ಇದೆ, 450 ಅಶ್ವಶಕ್ತಿ. ಕ್ರೈಸ್ಲರ್‌ನ 426 ಹೆಮಿ ಎಂಜಿನ್ನಿಗೆ ಕಂಪನಿ ಹೇಳಿದ್ದು 425. ಕಡಿಮೆ ದುಡ್ಡಿನಲ್ಲಿ ವೇಗ ಕೊಟ್ಟ 1968ರ ಪ್ಲಿಮತ್ ರೋಡ್ ರನ್ನರ್ ಅನ್ನೂ ಮರೆಯಬೇಡಿ, ಅದರ ಆರಂಭಿಕ ಬೆಲೆ 3,000 ಡಾಲರ್ ಒಳಗೇ ಇತ್ತು.

ಒಂದು ವಿನಂತಿ: 1971ರವರೆಗಿನ ಅಶ್ವಶಕ್ತಿಯ ಅಂಕಿಗಳನ್ನು 1972ರ ನಂತರದವುಗಳ ಪಕ್ಕ ಇಟ್ಟು ಹೋಲಿಸಬೇಡಿ. ಮೊದಲು ಎಂಜಿನ್ನನ್ನಷ್ಟೇ ಹೊರಗಿಟ್ಟು ಅಳೆಯುತ್ತಿದ್ದರು. ಆಮೇಲೆ ಸೈಲೆನ್ಸರ್, ಫ್ಯಾನ್ ಎಲ್ಲ ಸೇರಿಸಿ ಅಳೆದರು. ಹಾಗಾಗಿಯೂ ಸಂಖ್ಯೆ ಇಳಿದಿದೆ.

ಫೋರ್ಡ್ ಮಸ್ಟ್ಯಾಂಗ್ ಪೋನಿ ಕಾರ್ (ಚಿಕ್ಕ, ಸ್ಪೋರ್ಟಿ ಕಾರು) ಅಲ್ಲವೇ ಎಂದು ಕೆಲವರು ಕೇಳಿದ್ದೀರಿ. ಹೌದು, ಆದರೂ ಅದರ ಬಲಶಾಲಿ ಮಾದರಿ ಬಾಸ್ 429 ಅನ್ನು ಸೇರಿಸೋಣ.

ಭಾನುವಾರ ರಾತ್ರಿ 8ಕ್ಕೆ ಮತ ಎಣಿಕೆ.