ಅಂಟುವ ವಾರ್ನಿಷ್ ಮೇಲೆ ಇನ್ನೊಂದು ಕೋಟ್ ಬೇಡ

ಮಾನ್ಯ ಸಂಪಾದಕರೇ,

ವಾರ್ನಿಷ್ ಬಳಿದು ವಾರ ಕಳೆದರೂ ಮೇಜು ಕೈಗೆ ಅಂಟುತ್ತಿದೆ ಎಂದರೆ ಸಾಕು, ‘ಮೇಲೊಂದು ಕೋಟ್ ಹೊಡೆಯಿರಿ, ಸರಿಹೋಗುತ್ತದೆ’ ಎನ್ನುವವರು ಸಿಗುತ್ತಾರೆ. ಕೆಲಸ ಪೂರ್ತಿ ಕೆಡುವುದೇ ಅಲ್ಲಿಂದ. ಎಣ್ಣೆಯ ವಾರ್ನಿಷ್ ಬಟ್ಟೆ ಒಣಗಿದಂತೆ ಒಣಗುವುದಿಲ್ಲ. ಮೊದಲು ಅದನ್ನು ತೆಳುಮಾಡಲು ಬೆರೆಸಿದ ಥಿನ್ನರ್ ಆವಿಯಾಗುತ್ತದೆ. ಉಳಿದ ಎಣ್ಣೆ, ರಾಳ ಗಾಳಿಯ ಆಮ್ಲಜನಕದೊಡನೆ ಬೆರೆತು ನಿಧಾನವಾಗಿ ಗಟ್ಟಿಯಾಗುತ್ತವೆ. ಹಸಿ ಪದರದ ಮೇಲೆ ಮತ್ತೆ ಬಳಿದರೆ ಒಳಗಿನದಕ್ಕೆ ಗಾಳಿ ತಪ್ಪುತ್ತದೆ, ಮೇಲೆ ಕೆನೆಗಟ್ಟಿ ಸುಕ್ಕು ಬೀಳುತ್ತದೆ. ಬೇಗ ಒಣಗಲೆಂದು ಬೆರೆಸುವ ಡ್ರೈಯರ್ ದ್ರವವನ್ನು ಡಬ್ಬಿಗೆ ಹೆಚ್ಚು ಸುರಿದರೂ ಇದೇ ಗತಿ.

ಮೊದಲು ಮೂಸಿ ನೋಡಿ. ಥಿನ್ನರ್ ವಾಸನೆ ಇನ್ನೂ ಇದ್ದರೆ ಅದು ಒಣಗುತ್ತಲೇ ಇದೆ. ಮುಟ್ಟುವಷ್ಟು ಒಣಗಲು ಒಂದು ದಿನ ಸಾಕಾದರೂ ಪೂರ್ತಿ ಗಟ್ಟಿಯಾಗಲು 30 ದಿನವೂ ಹಿಡಿಯಬಹುದು. ಥಂಡಿ, ತೇವದ ಹವೆಯಲ್ಲಿ ಇನ್ನೂ ತಡ. ಕಿಟಕಿ ತೆರೆದು, ಕೋಣೆಯನ್ನು 25 ಡಿಗ್ರಿ ಆಸುಪಾಸು ಬೆಚ್ಚಗಿಟ್ಟು, ಫ್ಯಾನ್ ಹಾಕಿ ಒಂದು ವಾರ ಬಿಡಿ. ಆಮೇಲೆ ಕಾಣದ ಮೂಲೆಯಲ್ಲಿ ಉಗುರು ಒತ್ತಿ. ಗುರುತು ಬೀಳದಿದ್ದರೆ ಗೆದ್ದಿರಿ.

ಎರಡು ವಾರದ ಮೇಲೂ ಅಂಟಿದರೆ ದೋಷ ಮರದಲ್ಲೋ ಡಬ್ಬಿಯಲ್ಲೋ ಇರುತ್ತದೆ. ತೇಗ, ಬೀಟೆಗಳ ಸಹಜ ಎಣ್ಣೆಯಂಶ ವಾರ್ನಿಷ್ ಗಟ್ಟಿಯಾಗುವುದನ್ನೇ ತಡೆಯುತ್ತದೆ. ಗಟ್ಟಿಯಾಗಲೆಂದು ಹಾರ್ಡ್‌ನರ್ ಎಂಬ ಇನ್ನೊಂದು ದ್ರವ ಬೆರೆಸುವ ಪಾಲಿಶ್‌ನಲ್ಲಿ ಅಳತೆ ತಪ್ಪಿದ್ದರೆ ವರ್ಷ ಕಾದರೂ ಪ್ರಯೋಜನವಿಲ್ಲ. ಕಣ್ಣಳತೆ ಬಿಡಿ, ಡಬ್ಬಿಯ ಮೇಲಿನ ಪ್ರಮಾಣವನ್ನೇ ಪಾಲಿಸಿ. ಸ್ಪಿರಿಟ್‌ನಲ್ಲಿ ಕರಗಿಸಿಟ್ಟ ಅರಗಿನ ಪಾಲಿಶ್ ಹಳತಾದರೂ ಗಟ್ಟಿಯಾಗದು. ಗಾಜಿನ ಮೇಲೆ ಒಂದು ಹನಿ ಬಿಟ್ಟು, ಮರುದಿನವೂ ಮೆತ್ತಗಿದ್ದರೆ ಚೆಲ್ಲಿಬಿಡಿ.

ಅಗಸೆ ಎಣ್ಣೆ ಹಚ್ಚಿದ್ದು ಜಿಗುಟಾಗಿದ್ದರೆ ರಿಪೇರಿ ಸುಲಭ. ಹೆಚ್ಚಾದ ಎಣ್ಣೆ ಒರೆಸದೇ ಬಿಟ್ಟದ್ದೇ ಕಾರಣ. ಟರ್ಪೆಂಟೈನ್ ಅದ್ದಿದ ಒರಟು ಬಟ್ಟೆಯಿಂದ ಉಜ್ಜಿ ತೆಗೆಯಿರಿ. ಆ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಕಾದು ಹೊತ್ತಿಕೊಂಡೀತು. ಬಯಲಲ್ಲಿ ಬಿಡಿಸಿ ಹರಡಿ.

ಉಳಿದವನ್ನು ಕಿತ್ತೇ ತೆಗೆಯಬೇಕು. ಅರಗಿನದಾದರೆ ಸ್ಪಿರಿಟ್ ಸಾಕು, ಮಿಕ್ಕವಕ್ಕೆ ಪೇಂಟ್ ರಿಮೂವರ್. ಕೈಗವಸು ತೊಟ್ಟು, ಗಾಳಿಯಾಡುವ ಕಡೆ, ಬೆಂಕಿಯಿಂದ ದೂರ ಕೂತು ಮೆತ್ತಗಾದ ಪದರವನ್ನು ಸ್ಕ್ರೇಪರ್‌ನಿಂದ ಹೆರೆಯಿರಿ. ಅಂಟು ಇರುವಾಗಲೇ ಉಪ್ಪುಕಾಗದ ಹಾಕಿದರೆ ನಾಲ್ಕು ಉಜ್ಜಿಗೇ ಕಾಗದ ಮೆತ್ತಿಕೊಳ್ಳುತ್ತದೆ, ಕಾಸು ದಂಡ. ಮರ ಬಯಲಾದ ಮೇಲೆ ರಿಮೂವರ್‌ನ ಅಂಶ ಉಳಿಯದಂತೆ ಥಿನ್ನರ್‌ನಿಂದ ಒರೆಸಿ, ಒಣಗಿಸಿ, 120, 180, 220 ನಂಬರ್ ಕಾಗದಗಳಿಂದ ಕ್ರಮವಾಗಿ ಉಜ್ಜಿ.

ತೇಗ, ಬೀಟೆಯಾದರೆ ಬಳಿಯುವ ಸ್ವಲ್ಪ ಮೊದಲು ಅಸಿಟೋನ್‌ನಿಂದ ಒರೆಸಿ, ಮೇಣ ತೆಗೆದ ಅರಗಿನ ಪಾಲಿಶ್ ಒಂದು ತೆಳು ಕೋಟ್ ಕೊಡಿ. ಮೇಣ ಇರುವುದನ್ನು ಬಳಸಿದರೆ ಮೇಲೆ ಬಳಿಯುವ ಪಾಲಿಯುರೆಥೇನ್ ವಾರ್ನಿಷ್ ಸರಿಯಾಗಿ ಹಿಡಿಯದು. ಆಮೇಲೆ ವಾರ್ನಿಷ್, ತೆಳ್ಳಗೆ. ಕೋಟ್ ನಡುವೆ ಕನಿಷ್ಠ 24 ಗಂಟೆ ಬಿಟ್ಟು 320 ಕಾಗದದಿಂದ ಹಗುರವಾಗಿ ಉಜ್ಜಿ. ಉಜ್ಜುವಾಗ ಬಿಳಿ ಪುಡಿ ಉದುರಬೇಕು. ಉಂಡೆಕಟ್ಟಿದರೆ ಅಂದು ಬ್ರಷ್ ಮುಟ್ಟಬೇಡಿ.

ಇತಿ,
ಮರದ ಪಾಲಿಶ್ ಕೆಲಸಗಾರ